ಸಿಂಗಲ್ ಬೆಲ್

ಹೆಸರಿಟ್ಟವಳೇ ಶಿವಾನಿ. ಹುಬ್ಬಳ್ಳಿಯ ಕಿರಣಕುಮಾರನ ಆಫೀಸಿನಲ್ಲಿ ಹೊಸ ಆ್ಯಪಿಗೆ ಹೆಸರು ಹುಡುಕುತ್ತ ಎಲ್ಲರೂ ತಲೆ ಕೆರೆದುಕೊಳ್ಳುತ್ತಿದ್ದರು. ಪ್ರಶಾಂತಿ, ಮನೋಲ್ಲಾಸ, ಚಿತ್ತಶುದ್ಧಿ ಎಂದು ಗೋಡೆಯ ತುಂಬ ಚೀಟಿ ಅಂಟಿಸಿದ್ದರು. ಒಂದೊಂದೂ ಊದಿನಕಡ್ಡಿ ಪೊಟ್ಟಣದ ಮೇಲೆ ಇರಬೇಕಾದ ಹೆಸರು. ಕಡೆಗೆ ಮೂಲೆಯಲ್ಲಿ ಕೂತಿದ್ದ ಶಿವಾನಿ ಬಾಯಿ ತೆರೆದಳು.

"ಹಗೂರ ಅಂತ ಇಡ್ರಿ ಸರ್. ನಮ್ಮ ಕಡೆ ತುಂಬಿದ ಕೊಡ ಹೊತ್ತಾಕಿಗೆ ಹಗೂರ ಬಾ ಅಂತಾರ. ಜ್ವರ ಬಂದು ಎದ್ದಾಂವಗ ಹಗೂರ ನಡಿ ಅಂತಾರ. ಭಾರ ಇಳಿಯೂದಕ್ಕೂ ಅದ ಮಾತು, ಅವಸರ ಮಾಡಬ್ಯಾಡ ಅನ್ನೂದಕ್ಕೂ ಅದ ಮಾತು."

ಕಿರಣಕುಮಾರ ಟೇಬಲ್ ಬಡಿದ. "ನೋಡ್ರಿ! ಇದಕ್ಕ ಅಂತನ ನಾ ಹಳ್ಳಿಯಿಂದ ಬಂದವರನ್ನ ತಗೊಳ್ಳೂದು."

ಹಳ್ಳಿ ಎಂದರೆ ಕುಂದಗೋಳ ತಾಲೂಕಿನ ಕುಬಿಹಾಳ. ಶಿವಾನಿ ದಿನಾ ಬಸ್ಸಿಗೆ ಬಂದು ಬಸ್ಸಿಗೆ ಹೋಗುವವಳು. ಆವತ್ತು ಬಸ್ಸಿನಲ್ಲಿ ಸೀಟು ಸಿಗದಿದ್ದರೂ ಕುಬಿಹಾಳದವರೆಗೆ ನಗುತ್ತಲೇ ನಿಂತುಕೊಂಡು ಹೋದಳು.

ಆ್ಯಪು ಮಾಡಬೇಕಾದದ್ದು ಇಷ್ಟೇ. ಕೆಲಸದ ಗದ್ದಲದಲ್ಲಿ ಉಸಿರಾಡಲೂ ಪುರುಸೊತ್ತಿಲ್ಲದವರನ್ನು ದಿನಕ್ಕೊಮ್ಮೆ ಸುಮ್ಮನೆ ಕೂರಿಸಬೇಕು. ಕಣ್ಣು ಮುಚ್ಚಿಸಬೇಕು, ಉಸಿರಿನ ಮೇಲೆ ನಿಗಾ ಇಡಿಸಬೇಕು, ಎದೆಯೊಳಗಿನದನ್ನು ಹೊರಗೆ ಹಾಕಿಸಬೇಕು. ಬಣ್ಣ, ಚಿತ್ರ, ಮಾತು ಎಲ್ಲವೂ ಶಿವಾನಿಯವೇ. ಕಡೆಗೆ ದನಿಯೂ ಆಕೆಯದೇ ಆಯಿತು. ದುಡ್ಡು ಕೊಟ್ಟು ಕರೆಸಿದ ಹುಡುಗಿ "ದೀರ್ಘವಾಗಿ ಉಸಿರನ್ನು ಒಳಗೆಳೆದುಕೊಳ್ಳಿ" ಎಂದು ರೇಡಿಯೋದಲ್ಲಿ ಪೇಟೆ ಧಾರಣೆ ಓದಿದಂತೆ ಓದಿದಳು. ಶಿವಾನಿ ಕೂತು ಮನೆಮಾತಿನಲ್ಲಿ ಹೇಳಿದಳು: "ಉಸಿರು ಒಳಗ ತಗೋರಿ. ಹಗೂರ ಬಿಡ್ರಿ. ಏನ್ ಭಾರ ಐತಿ, ನನ್ನ ಮುಂದ ಹೇಳ್ರಿ." ಆಫೀಸಿನ ಹುಡುಗರಲ್ಲಿ ಒಬ್ಬ ಕಣ್ಣು ಒರೆಸಿಕೊಂಡ.

ಯಾರಾದರೂ ಆ್ಯಪನ್ನು ಬಿಟ್ಟು ಹೊರಟರೆ ಏನು ಹೇಳಬೇಕೆಂಬುದನ್ನೂ ಆಕೆಯೇ ಬರೆದಳು. "ಖರೇನ ಬಿಟ್ಟ ಹೊಂಟ್ರೇನ್ರಿ? ನಮ್ಮಿಂದ ಏನ್ ತಪ್ಪಾತು?" ಎಂಬ ಪ್ರಶ್ನೆ. ಅದರ ಕೆಳಗೆ ಒತ್ತಲು ಮೂರು ಉತ್ತರ: ಟೈಮ್ ಸಿಗವಲ್ದು, ಮನಸ್ಸಿಗೆ ಬರಲಿಲ್ಲ, ಆರಾಮ ಆಗೇನಿ. ಆರಾಮ ಆಗೇನಿ ಎಂದು ಒತ್ತಿದರೆ, "ಭಾಳ ಖುಷಿ ಆತ್ರಿ! ಮನ್ಯಾಗ ಎಲ್ಲಾರಿಗೂ ಹೇಳ್ರಿ" ಎಂದು ಬರುತ್ತದೆ. ಕಿರಣಕುಮಾರ ಅದನ್ನು ಓದಿ ಓದಿ ನಕ್ಕ.

ಆಮೇಲೆ ಕಷ್ಟದ ಮಾತು ಬಂತು. ಯಾರಾದರೂ ಸಾಯುವ ಮಾತಾಡಿದರೆ ಏನು ಮಾಡುವುದು? ಹುಡುಗರು 'ಆತ್ಮಹತ್ಯೆ' ಎಂಬ ಪದ ಬಂದರೆ ಹಿಡಿಯೋಣ ಎಂದರು. ಶಿವಾನಿಗೆ ಸಿಟ್ಟೇ ಬಂತು. "ಊರಾಗ ಯಾರರ ಆ ಮಾತ ಆಡ್ತಾರೇನ್ರಿ? ಬಾವಿ ಅಂತಾರ. ಬೆಳಿಗೆ ಹೊಡಿಯೂ ಎಣ್ಣಿ ಅಂತಾರ. ಹಗ್ಗ ಅಂತಾರ. ಅದನ್ನ ಹಿಡೀರಿ." ಹಿಡಿದರು. ಅಂಥ ಮಾತು ಬಂದ ಕೂಡಲೇ ಆ್ಯಪು ಕೊಂಡವರ ಪರದೆಯ ಮೇಲೆ ಒಂದು ಮುಖದ ಚಿತ್ರ ಕೆಂಪಾಗಬೇಕು. ಉಳಿದದ್ದು ಅವರವರ ಗುಟ್ಟು, ಅದನ್ನು ಯಾರೂ ಕೇಳಬಾರದು, ತಾನೇ ಅಳಿಸಿಹೋಗಬೇಕು. ಆ ಒಂದೆರಡು ವಾಕ್ಯದ ತುಣುಕು ಮಾತ್ರ ಉಳಿಯಬೇಕು. ಯಾವ ಸಂಸ್ಥೆ ಆ್ಯಪು ಕೊಂಡಿದೆಯೋ ಅಲ್ಲಿಯ ಅಧಿಕಾರಿಗೆ ಆಗ ಮಾತ್ರ ಹೆಸರು ತಿಳಿಯಬೇಕು, ಜೊತೆಗೆ ಒಂದು ಸೂಚನೆ ಹೋಗಬೇಕು: 'ಮನೆಯವರಿಗೆ ತಿಳಿಸಿ.' ಆ ಮನೆಯವರ ಫೋನಿಗೂ ಒಂದು ಲಿಂಕ್ ಹೋಗಬೇಕು. ಒತ್ತಿದರೆ ಕೆಂಪು ಮುಖ ಕಾಣಬೇಕು, ತುಣುಕು ಕೇಳಬೇಕು, ಮನೆಯವರು ಓಡಿ ಬಂದು ಕೈ ಹಿಡಿಯಬೇಕು.

ಎಷ್ಟು ಚೆಂದ ಯೋಚನೆ ಮಾಡಿದ್ದಳು ನೋಡಿ! ಒಂದೊಂದೂ ಕರುಳಿನಿಂದ ಬಂದದ್ದು. ಅದೇ ಹೊಟ್ಟೆ ಉರಿಸುವ ಸಂಗತಿ.

ಶಿವಾನಿಯ ಮನೆಯಲ್ಲಿ ಇದ್ದವರು ನಾಲ್ಕು ಜನ. ತಾಯಿ ತೀರಿಕೊಂಡು ಬಹಳ ದಿನವಾಗಿತ್ತು. ತಂದೆ ಹುಲಿಗೆಪ್ಪ ಬಸ್ ಕಂಡಕ್ಟರಾಗಿ ರಿಟೈರಾದವನು. ಅಕ್ಕ ನಾಗರತ್ನಾ ಊರ ಹೊರಗಿನ ರಸ್ತೆಯಲ್ಲಿರುವ ಗಾರ್ಮೆಂಟಿನಲ್ಲಿ ಹೊಲಿಗೆ ಕೆಲಸಕ್ಕಿದ್ದಳು. ನಾಗರತ್ನಾಳ ಮಗಳು ಗಂಗಾ ಶಾಲೆಯಲ್ಲಿ ಎರಡನೇ ಇಯತ್ತೆ.

ನಾಗರತ್ನಾಳನ್ನು ಕಲಘಟಗಿ ಕಡೆಯ ದುಮ್ಮವಾಡಕ್ಕೆ ಕೊಟ್ಟಿತ್ತು. ಆಗಲೂ ಆಕೆ ಇದೇ ಗಾರ್ಮೆಂಟಿಗೆ ಕಂಪನಿಯ ಗಾಡಿಯಲ್ಲಿ ಬಂದು ಹೋಗುತ್ತಿದ್ದಳು. ಗಂಡ ಸಿದ್ಧಲಿಂಗ ಕುಡಿಯುವವನಲ್ಲ, ಬಡಿಯುವವನೂ ಅಲ್ಲ. ಹೆಂಡತಿ ನಕ್ಕರೆ ಯಾಕೆ ನಕ್ಕಿ, ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದಿ, ಗಾರ್ಮೆಂಟಿನ ಗಾಡಿಯಲ್ಲಿ ಯಾರ ಬಾಜು ಕೂತಿದ್ದಿ ಎಂದು ದಿನಾ ಮೆಲ್ಲಗೆ, ದನಿ ಏರಿಸದೆ ಕೇಳುವವನು. ಬಡಿದರೆ ಬಾಸುಂಡೆ ತೋರಿಸಬಹುದು, ಇದನ್ನು ಯಾರಿಗೆ ತೋರಿಸುವುದು? ಕಡೆಗೆ ಒಂದು ದಿನ ಕೂಸನ್ನು ಕಟ್ಟಿಕೊಂಡು ತವರಿಗೆ ಬಂದಳು. ಎರಡೂ ಕಡೆಯ ಹಿರಿಯರು ಕೂತು ಒಂದು ಮಾತಿಗೆ ಬಂದರು: ನಾಗರತ್ನಾ ತನ್ನ ಕಾಲ ಮೇಲೆ ನಿಂತು ಹುಡುಗಿಯನ್ನು ನೆಟ್ಟಗೆ ನೋಡಿಕೊಳ್ಳುವವರೆಗೆ ಗಂಗಾ ಆಕೆಯ ಹತ್ತಿರ ಇರಲಿ. ಆಗದಿದ್ದ ದಿನ ಅಪ್ಪನ ಮನೆಗೆ ಹೋಗಲಿ. ಸಿದ್ಧಲಿಂಗ ಆವತ್ತೂ ದನಿ ಏರಿಸಲಿಲ್ಲ. "ಆಗಲ್ರಿ. ನಾ ಕಾಯ್ತೀನಿ," ಎಂದ.

ಅವನು ಕಾಯುತ್ತಿದ್ದಾನೆ ಎಂಬುದು ನಾಗರತ್ನಾಳಿಗೆ ಗೊತ್ತಿತ್ತು. ಅದಕ್ಕೇ ಜ್ವರ ಬಂದರೂ ರಜೆ ಹಾಕುತ್ತಿರಲಿಲ್ಲ. ಸೂಪರ್‌ವೈಸರ್ ಬೈದರೆ ತಲೆ ಎತ್ತುತ್ತಿರಲಿಲ್ಲ. ನೀರು ಕುಡಿದರೆ ಸಂಡಾಸಕ್ಕೆ ಏಳಬೇಕಾಗುತ್ತದೆ, ಎದ್ದರೆ ಬೈಗುಳ ಎಂದು ನೀರನ್ನೇ ಬಿಟ್ಟಿದ್ದಳು. ಮನೆಗೆ ಬಂದು ಯಾರ ಮುಂದೆಯೂ ತುಟಿ ಬಿಚ್ಚುತ್ತಿರಲಿಲ್ಲ.

ಹುಲಿಗೆಪ್ಪನ ಮನೆಯಲ್ಲಿ ಒಂದು ವಿಚಿತ್ರ ಭಾಷೆ ನಡೆಯುತ್ತಿತ್ತು, ಅದನ್ನೂ ಹೇಳಿಬಿಡಬೇಕು. ಹಳೆಯ ಬಸ್ಸುಗಳಲ್ಲಿ ತಲೆಯ ಮೇಲೆ ಒಂದು ಹಗ್ಗ ಹಾದಿರುತ್ತಿತ್ತು. ಕಂಡಕ್ಟರು ಅದನ್ನು ಒಮ್ಮೆ ಎಳೆದರೆ ಡ್ರೈವರನ ಹತ್ತಿರ ಒಂದು ಬೆಲ್ಲು ಬಡಿದು ಬಸ್ಸು ನಿಲ್ಲಬೇಕು, ಎರಡು ಸಲ ಎಳೆದರೆ ಹೊರಡಬೇಕು. ಮಕ್ಕಳಿಬ್ಬರೂ ಅದನ್ನೇ ಕೇಳಿ ಬೆಳೆದವರು. ತಾಟಿನಲ್ಲಿ ಅನ್ನ ಸಾಕಾದರೆ "ಅವ್ವಾ, ಸಿಂಗಲ್ ಬೆಲ್" ಎನ್ನುತ್ತಿದ್ದರು. ಶಾಲೆಗೆ ಹೊರಡುವಾಗ "ಡಬಲ್ ಬೆಲ್!" ತಾಯಿ ಬೈಯಲು ಶುರು ಮಾಡಿದರೆ ಹುಲಿಗೆಪ್ಪನೇ ಗಾಳಿಯಲ್ಲಿ ಹಗ್ಗ ಎಳೆದು "ಟಣ್" ಎನ್ನುತ್ತಿದ್ದ. ಬೈಗುಳ ಅಲ್ಲಿಗೆ ನಿಂತು ನಗು ಬರುತ್ತಿತ್ತು.

ಕಿರಣಕುಮಾರ ಆ್ಯಪನ್ನು ಬ್ಯಾಂಕಿನವರಿಗೆ, ಡಾಕ್ಟರಿಗೆ, ದೊಡ್ಡ ಕಂಪನಿಗಳಿಗೆ ಮಾರಬೇಕೆಂದಿದ್ದ. ಮೊದಲು ಕೊಂಡದ್ದು ನಾಗರತ್ನಾಳ ಗಾರ್ಮೆಂಟು. ಅಲ್ಲಿ ಹೆಣ್ಣುಮಕ್ಕಳು ಮಷೀನಿನ ಮುಂದೆ ಬವಳಿ ಬಂದು ಬೀಳುತ್ತಿದ್ದರು. ನೀರು ಕೊಟ್ಟರೆ, ಹತ್ತು ನಿಮಿಷ ಬಿಟ್ಟರೆ, ಆ ಸೂಪರ್‌ವೈಸರನ ಬಾಯಿಗೆ ಬೀಗ ಹಾಕಿದರೆ ಮುಗಿಯುತ್ತಿತ್ತು. ಅದನ್ನು ಮಾಡಲಿಲ್ಲ, ಆ್ಯಪು ತಂದರು. ಅದಕ್ಕೆ ಬೇಕಾದ ಐದು ನಿಮಿಷವನ್ನು ಎಲ್ಲಿಂದ ತೆಗೆದರು ಅಂತೀರಿ? ಊಟದ ಬಿಡುವಿನಿಂದ! ರೊಟ್ಟಿ ಗಬಗಬ ನುಂಗಿ, ಸಾಲಾಗಿ ಕೂತು, ಕಣ್ಣು ಮುಚ್ಚಿ, ಶಿವಾನಿಯ ದನಿ ಕೇಳಬೇಕು. "ಹಗೂರ ಬಿಡ್ರಿ."

"ನಿನ್ನ ದನಿ ಕೇಳಿ ಎಲ್ಲಾರೂ ನಕ್ಕರು ಬೇ," ಎಂದಳು ನಾಗರತ್ನಾ ಸಂಜೆ ಬಂದು. "ಬಾಜೂಕ ಕುಂದರೂ ಮುಮತಾಜ್ ಅಂತೂ, ನಿನ್ನ ತಂಗಿ ಉಸಿರು ಬಿಡ್ರಿ ಅಂತಾಳ, ಸೂಪರ್‌ವೈಸರ್ ಬಿಡಬ್ಯಾಡ್ರಿ ಅಂತಾನ, ಯಾರ ಮಾತ ಕೇಳೂದು ಅಂದ್ಲು."

ಶಿವಾನಿಯೂ ನಕ್ಕಳು. ಆಮೇಲೆ ಅಕ್ಕನ ಕೈ ಹಿಡಿದುಕೊಂಡಳು.

"ಅಕ್ಕಾ, ಫ್ಯಾಕ್ಟರ್‍ಯಾಗ ಬ್ಯಾಡ. ಮನ್ಯಾಗ ಹಿತ್ತಲದಾಗ ಕುಂತು ಒಮ್ಮೆ ಅದರ ಮುಂದ ಮಾತಾಡು. ಎಲ್ಲಾ ಒಳಗ ಇಟಗೊಂಡು ಇಟಗೊಂಡು ಹೆಂಗಾಗಿ ನೋಡು."

"ಯಾರರ ಕೇಳಿದ್ರ?"

"ಯಾರೂ ಕೇಳಂಗಿಲ್ಲ. ತಾನ ಅಳಿಸಿ ಹೋಗತೈತಿ. ನಾನ ಮಾಡೇನಲ್ಲ, ನನಗ ಗೊತ್ತಿಲ್ಲೇನು? ನನ್ನಾಣಿ."

ನಾಗರತ್ನಾ ಹೂಂ ಅನ್ನಲಿಲ್ಲ. ಆದರೆ ಒಂದು ಸಂಜೆ ಶಿವಾನಿ ಅಡಿಗೆಮನೆಯ ಕಿಟಕಿಯಿಂದ ನೋಡಿದಾಗ ಅಕ್ಕ ಹಿತ್ತಲಲ್ಲಿ ಒಣಹಾಕಿದ ಬಟ್ಟೆಗಳ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಫೋನನ್ನು ಬಾಯಿಯ ಹತ್ತಿರ ಹಿಡಿದು ಮಾತಾಡುತ್ತಿದ್ದಳು. ಬಹಳ ಹೊತ್ತು ಮಾತಾಡಿದಳು. ಕೈ ಆಡಿಸಿ ಆಡಿಸಿ ಮಾತಾಡಿದಳು. ಒಳಗೆ ಬಂದಾಗ ಕಣ್ಣು ಕೆಂಪಾಗಿದ್ದರೂ ಮುಖ ತಿಳಿಯಾಗಿತ್ತು. ಒಂದು ತಂಬಿಗೆ ನೀರು ಗಟಗಟ ಕುಡಿದು, "ಚೊಲೊ ಅನಸ್ತು ಬೇ," ಎಂದಳು. ಶಿವಾನಿಗೆ ತಾನು ಹುಟ್ಟಿದ್ದು ಇವತ್ತು ಸಾರ್ಥಕವಾಯಿತು ಅನ್ನಿಸಿತು.

ಮರುದಿನ ಮಧ್ಯಾಹ್ನ ನಾಗರತ್ನಾಳನ್ನು ಮಷೀನಿನ ಮುಂದಿಂದ ಎಬ್ಬಿಸಿ ಮನೆಗೆ ಕಳಿಸಿದರು. ಡಾಕ್ಟರ ಸರ್ಟಿಫಿಕೇಟ್ ತರುವವರೆಗೆ ಬರಬಾರದು ಎಂದರು. ಯಾಕೆ ಎಂದು ಕೇಳಿದರೆ ಹೇಳುವವರಿಲ್ಲ. ಸೂಪರ್‌ವೈಸರ್ ಕೂಡ ಆವತ್ತು ಬೈಯಲಿಲ್ಲ, ಹುಚ್ಚುನಾಯಿಯನ್ನು ಕಂಡವರ ಹಾಗೆ ದೂರ ಸರಿದು ನಿಂತ. ಆಕೆ ಮನೆ ಮುಟ್ಟುವ ಹೊತ್ತಿಗೆ ಹುಲಿಗೆಪ್ಪನ ಫೋನಿಗೆ ದುಮ್ಮವಾಡದಿಂದ ಕರೆ ಬಂದಿತ್ತು.

"ಮಾವಾರ, ಗಾರ್ಮೆಂಟಿನವರು ನನಗ ಫೋನ್ ಮಾಡಿದ್ರು," ಎಂದಿದ್ದ ಸಿದ್ಧಲಿಂಗ. "ನಿಮ್ಮ ಮಗಳು ಹಗ್ಗ ಹುಡುಕಾಕತ್ತಾಳಂತ. ಐತವಾರ ಹಿರೇರನ್ನ ಕರಕೊಂಡು ಬರ್ತೀನ್ರಿ. ಕೂಸಿನ್ನ ಅಂಥಾಕಿ ಕೈಯಾಗ ಬಿಡಾಕ ಆಗಂಗಿಲ್ಲ."

ಸಂಜೆ ಶಿವಾನಿ ಬಂದಾಗ ಮನೆಯಲ್ಲಿ ಒಲೆ ಹೊತ್ತಿಸಿರಲಿಲ್ಲ. ಗಂಗಾ ಅಜ್ಜನ ತೊಡೆಗೆ ಅಂಟಿಕೊಂಡು ಕೂತಿದ್ದಳು. ನಾಗರತ್ನಾ ಗೋಡೆಗೆ ಒರಗಿದ್ದಳು.

"ಅಕ್ಕಾ, ನಿನ್ನೆ ಅದರ ಮುಂದ ಏನಂದಿ?"

"ಏನಂದೆ! ಮಷಿನ್ ಮುಂದ ಕುಂತ್ರ ಬರೇ ಡಬಲ್ ಬೆಲ್ಲ, ಓಡು ಓಡು ಅಂತ. ಯಾರರ ಸಿಂಗಲ್ ಬೆಲ್ ಹೊಡೀರಿ, ಒಂದೀಟು ನಿಂದರಸ್ರಿ ಅನಸ್ತೈತಿ ಅಂದೆ. ಹಗ್ಗ ಹುಡುಕಾಕತ್ತೇನಿ, ಕೈಗೆ ಸಿಗವಲ್ದು, ಸಿಕ್ಕರ ಒಮ್ಮೆ ಎಳದಬಿಡತಿದ್ದೆ ಅಂದೆ. ಅಪ್ಪನ ಹಗ್ಗ ಬೇ! ನಿನಗ ತಿಳಿಯೂದಿಲ್ಲೇನು?"

ಶಿವಾನಿಗೆ ತಿಳಿಯಿತು. ಹಗ್ಗ ಎಂಬ ಮಾತನ್ನು ಹಿಡಿಯಿರಿ ಎಂದವಳು ತಾನೇ. ಊರಿನವರೆಲ್ಲರ ಹಗ್ಗ ನೆನಪಾಗಿತ್ತು, ತನ್ನ ಅಪ್ಪನ ಹಗ್ಗವೊಂದು ನೆನಪಾಗಿರಲಿಲ್ಲ. ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು.

ಬೆಳಗಾದ ಕೂಡಲೇ ಗಾರ್ಮೆಂಟಿಗೆ ಓಡಿದಳು. ಅಲ್ಲಿಯ ಸಿಬ್ಬಂದಿ ಅಧಿಕಾರಿ ಸಂಗನಬಸವ ಕೆಟ್ಟ ಮನುಷ್ಯನೇನಲ್ಲ. ಕುರ್ಚಿ ಹಾಕಿಸಿ ಚಹಾ ತರಿಸಿದ.

"ನಮ್ಮಪ್ಪಗ ಫೋನ್ ಮಾಡೂದು ಬಿಟ್ಟು ಅವಗ ಯಾಕ ಮಾಡಿದ್ರಿ ಸರ್? ಅಕ್ಕ ಇರೂದು ತವರಮನ್ಯಾಗ!"

"ಅದು ನನಗ ಹೆಂಗ ಗೊತ್ತಾಗಬೇಕ್ರಿ ಮೇಡಂ? ನಿಮ್ಮ ಆ್ಯಪಿನಾಗ ಏನ್ ಬಂತೋ ಅದನ್ನ ಮಾಡೇನಿ." ಅವನು ಫೋನು ತೆಗೆದು ತೋರಿಸಿದ. ಕೆಂಪು ಮುಖ. ಅದರ ಕೆಳಗೆ ಶಿವಾನಿಯೇ ಆರಿಸಿದ ದುಂಡು ಅಕ್ಷರಗಳಲ್ಲಿ: ಮನೆಯವರಿಗೆ ತಿಳಿಸಿ. "ಮನೆಯವರು ಅಂದ್ರ ಗಂಡ ಅಲ್ಲೇನ್ರಿ? ನಮ್ಮನ್ಯಾಗ ನನ್ನ ಹೆಂಡತಿ ನನಗ ಹಂಗ ಅಂತಾಳ. ಮಂದಿ ಮುಂದ ಗಂಡನ ಹೆಸರು ಹೇಳಾಕ ಆಗಂಗಿಲ್ಲ, ನಮ್ಮ ಮನಿಯವರು ಅಂತಾಳ. ಎಲ್ಲಾರೂ ಹಂಗ ಅಂತಾರ. ಕೆಲಸಕ್ಕ ಸೇರುವಾಗ ಬರಕೊಂಡ ಗಂಡನ ನಂಬರ್ ಇತ್ತು, ಮಾಡಿದೆ."

ಶಿವಾನಿಯ ತಾಯಿಯೂ ಸಾಯುವವರೆಗೆ ಹುಲಿಗೆಪ್ಪನನ್ನು 'ನಮ್ಮ ಮನಿಯವರು' ಎಂದೇ ಕರೆದಿದ್ದಳು. ಮದುವೆಯಾಗದ ಶಿವಾನಿಗೆ ಮನೆಯವರು ಎಂದರೆ ಅಪ್ಪ, ಅಕ್ಕ, ಗಂಗಾ. ಈ ನಾಡಿನ ಮಾತು ತನ್ನಷ್ಟು ಯಾರಿಗೆ ಗೊತ್ತು ಎಂದು ಬೀಗಿದವಳಿಗೆ ಆ ಮಾತೇ ಕಪಾಳಕ್ಕೆ ಬಾರಿಸಿತ್ತು.

"ತಪ್ಪಾಗೇತ್ರಿ ಸರ್. ಅಕ್ಕಗ ಏನೂ ಆಗಿಲ್ಲ. ಅಕೀನ್ನ ಕೆಲಸಕ್ಕ ತಗೋರಿ."

"ನಿಮ್ಮ ಕಂಪನಿಯವರು ತಪ್ಪಾಗೇತಿ ಅಂತ ಬರಕೊಡಲ್ರಿ, ನಾಳೆನ ತಗೊತೀನಿ. ಬರೇ ಬಾಯಿಮಾತಿನ ಮ್ಯಾಲ ತಗೊಂಡು ನಾಳೆ ಏನರ ಆತಂದ್ರ ನನ್ನ ಕೊಳ್ಳಿಗೆ ಬರತೈತಿ."

ಅಲ್ಲಿಂದ ಹುಬ್ಬಳ್ಳಿಗೆ ಹೋದಳು. ಕಿರಣಕುಮಾರನ ಆಫೀಸಿನಲ್ಲಿ ಪೇಡೆ ಹಂಚುತ್ತಿದ್ದರು. ಶಿವಾನಿಯ ಕೈಗೂ ಒಂದು ಪೇಡೆ ಬಂತು.

"ಬಾ ಬಾ, ನಿನ್ನ ದಾರಿನ ಕಾಯಾಕತ್ತಿದ್ವಿ!" ಎಂದ ಕಿರಣಕುಮಾರ. "ನಿನ್ನ ಲಿಸ್ಟ್ ಕೆಲಸ ಮಾಡ್ತು. ಒಬ್ಬ ಹೆಣ್ಣುಮಗಳ ಜೀವ ಉಳಿಸಿದ್ವಿ. ಆ್ಯಪ್ ತಗೊಳ್ಳಾಕ ಬಂದಿರೂ ಬೆಂಗಳೂರಿನ ಕಂಪನಿಯವರಿಗೆ ಆಗಲೇ ಹೇಳಿಬಿಟ್ಟೆ, ಅವರು ಕುಣಿದಾಡಾಕತ್ತಾರ."

"ಅಕಿ ನಮ್ಮಕ್ಕ ಸರ್."

ಕಿರಣಕುಮಾರನ ಮುಖ ಖರೇನೇ ಬಾಡಿತು. "ಅಯ್ಯೋ, ಹೌದೇನು? ಹಂಗಾದ್ರ ಇನ್ನೂ ದೊಡ್ಡ ಮಾತು ಅಲ್ಲ ಶಿವಾನಿ. ನಿನ್ನ ಅಕ್ಕನ ಜೀವ ನೀನ ಉಳಿಸಿದಿ."

ಶಿವಾನಿ ಎಲ್ಲ ಬಿಡಿಸಿ ಹೇಳಿದಳು. ಬಸ್ಸು, ಹಗ್ಗ, ಬೆಲ್ಲು, ಸಿದ್ಧಲಿಂಗ, ಗಂಗಾ. ಹೇಳುತ್ತ ಹೇಳುತ್ತ ಅತ್ತಳು. ಅಕ್ಕ ಆಡಿದ ಪೂರಾ ಮಾತು ತೆಗೆದು ಕೊಡಿ, ಅದರಲ್ಲಿ ಸಿಂಗಲ್ ಬೆಲ್ ಎಂದು ಇದೆ, ಕೇಳಿದವರಿಗೆ ತಿಳಿಯುತ್ತದೆ ಎಂದಳು.

"ಅದು ಇಲ್ಲಲ್ಲ. ತುಣುಕ ಬಿಟ್ಟು ಉಳಿದದ್ದು ಅಳಿಸಿ ಹೋಗಬೇಕು ಅಂತ ನೀನ ಹಟ ಹಿಡಿದಿದ್ದಿ. ಚೊಲೋ ವಿಚಾರನ ಅದು."

"ಹಂಗಾರ ತಪ್ಪಾತು ಅಂತ ಒಂದ ಸಾಲು ಬರಕೊಡ್ರಿ ಸರ್."

ಕಿರಣಕುಮಾರ ಪೇಡೆಯ ಡಬ್ಬಿಯನ್ನು ಮುಚ್ಚಿ ಪಕ್ಕಕ್ಕಿಟ್ಟ. "ನಿನ್ನ ಸಂಕಟ ನನಗ ತಿಳೀತೈತಿ. ಆದ್ರ ಹಿಡಿದ ಮೊದಲನೇದ ತಪ್ಪಿತ್ತು ಅಂತ ಬರಕೊಟ್ರ ಈ ಆ್ಯಪ್ ಯಾರ ತಗೊಂತಾರ? ನಾಲ್ಕು ದಿನ ರಜಾ ತಗೋ, ಅಕ್ಕನ ಜೋಡಿ ಇರು. ಮನಸ್ಸಿಗೆ ಭಾಳ ಹಚ್ಚಿಕೋಬ್ಯಾಡ. ಹಗೂರ."

ಹಗೂರ! ಆ ಮಾತನ್ನು ಆಕೆಗೇ ಹೇಳಿದ, ನಾಚಿಕೆಯಿಲ್ಲದೆ. ಶಿವಾನಿ ಪೇಡೆಯನ್ನು ಅವನ ಟೇಬಲಿನ ಮೇಲಿಟ್ಟು ಹೊರಗೆ ಬಂದಳು. ಎಸೆಯಬೇಕೆನ್ನಿಸಿತ್ತು. ಎಸೆಯಲಿಲ್ಲ. ಅಕ್ಕನ ಕೆಲಸ ಹೋಗಿರುವಾಗ ತನ್ನದನ್ನೂ ಎಸೆದು ಬರುವಷ್ಟು ಧೈರ್ಯ ಆಕೆಗೆ ಇರಲಿಲ್ಲ.

ಡಾಕ್ಟರ ಸರ್ಟಿಫಿಕೇಟ್ ಸಿಗುವ ಮೊದಲೇ ಐತವಾರ ಹಿರಿಯರು ಬಂದರು. ಸಿದ್ಧಲಿಂಗ, ಅವನ ದೊಡ್ಡಪ್ಪ, ಜೊತೆಗೆ ಇಬ್ಬರು. ಹುಲಿಗೆಪ್ಪನ ಕಡೆಯಿಂದ ಊರಿನ ಇಬ್ಬರು, ಮತ್ತೆ ಶರೀಫಸಾಬ. ಈ ಶರೀಫಸಾಬ ಹುಲಿಗೆಪ್ಪನ ಬಸ್ಸಿನ ಡ್ರೈವರು, ಇಬ್ಬರೂ ಒಂದೇ ಬಸ್ಸಿನಲ್ಲಿ ತಲೆ ಬೆಳ್ಳಗೆ ಮಾಡಿಕೊಂಡವರು. ಹುಡುಗಿಯರಿಗೆ ಕಾಕಾ.

ಸಿದ್ಧಲಿಂಗ ದನಿ ಏರಿಸಲಿಲ್ಲ. "ನನಗ ಯಾರ ಮ್ಯಾಲೂ ಸಿಟ್ಟಿಲ್ರಿ. ಅಕಿ ಮೊದಲು ಆರಾಮಾಗಲಿ. ಕೂಸಿನ ಕಾಳಜಿಗೆ ಅಷ್ಟ ಬಂದೇನಿ," ಎಂದು ಫೋನು ತೆಗೆದು ನಡುವೆ ಇಟ್ಟ. ಪರದೆಯ ಮೇಲೆ ಶಿವಾನಿ ಬಿಡಿಸಿದ ಕೆಂಪು ಮುಖ ಬಂತು. ಅವನು ಬೆರಳು ಒತ್ತಿದ. ಗಂಡಸರು ತುಂಬಿದ ಪಡಸಾಲೆಯಲ್ಲಿ ನಾಗರತ್ನಾಳ ದನಿ ಕೇಳಿಸಿತು.

"ಹಗ್ಗ ಹುಡುಕಾಕತ್ತೇನಿ. ಕೈಗೆ ಸಿಗವಲ್ದು. ಸಿಕ್ಕರ ಒಮ್ಮೆ ಎಳದಬಿಡತಿದ್ದೆ."

ಯಾರೋ "ಶಿವ ಶಿವಾ" ಎಂದರು. ಬಾಗಿಲ ಹಿಂದೆ ನಿಂತಿದ್ದ ನಾಗರತ್ನಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಬಟ್ಟೆಯ ಹಿಂದೆ ಕೂತು, ತಂಗಿಯ ಆಣೆ ನಂಬಿ, ಒಬ್ಬಳೇ ಆಡಿದ ಮಾತು ಅದು.

"ಅದು ಸಾಯೂ ಮಾತಲ್ರಿ!" ಶಿವಾನಿ ನಡುವೆ ಬಂದು ನಿಂತಳು. "ಬಸ್ಸಿನ ಬೆಲ್ಲಿನ ಹಗ್ಗ. ಸಾಕಾಗೇತಿ, ಒಂದೀಟು ನಿಂದರಸ್ರಿ ಅಂತ ಅದರ ಅರ್ಥ. ಅದರ ಹಿಂದಿನ ಮಾತ ಕತ್ತರಿಸಿ ಹೋಗೇತಿ."

"ಹೌದ್ರಿ," ಎಂದ ಶರೀಫಸಾಬ. "ನಾ ಇವನ ಬೆಲ್ಲಿನ ಮ್ಯಾಲ ಬಸ್ ಹೊಡದಾಂವ. ಈ ಹುಡಿಗ್ಯಾರು ಸಣ್ಣವರಿದ್ದಾಗಿಂದ ಹಂಗ ಮಾತಾಡ್ತಾರ. ಅಲ್ಲಾನ ಮ್ಯಾಲ ಆಣಿ ಮಾಡಿ ಹೇಳ್ತೀನಿ."

ಸಿದ್ಧಲಿಂಗನ ದೊಡ್ಡಪ್ಪ ಶಿವಾನಿಯ ಕಡೆ ತಿರುಗಿದ. "ಇದನ್ನ ಮಾಡಿದಾಕಿ ನೀನ ಅಲ್ಲವಾ?"

"ಹೌದ್ರಿ."

"ಅಂದ್ರ ನೀ ಮಾಡಿದ್ದು ಸುಳ್ಳ ಹೇಳತೈತಿ."

"ಹೌದ್ರಿ, ಸುಳ್ಳ ಹೇಳೇತಿ."

"ಸುಳ್ಳ ಹೇಳೂದನ್ನ ಇಷ್ಟು ಮಂದಿ ಹೆಣ್ಣಮಕ್ಕಳ ಫೋನಿಗೆ ಯಾಕ ಹಾಕ್ದಿ? ಮಂದೀದು ಹೇಳಿದಾಗ ಖರೇ, ನಿಮ್ಮ ಮನೀದು ಹೇಳಿದಾಗ ಸುಳ್ಳ ಆತೇನು?"

ಊರಿನ ಹಿರಿಯರು ತಲೆ ಕೆಳಗೆ ಹಾಕಿದರು.

"ಆತು, ನಾಗರತ್ನಾನ ಬಂದು ಹೇಳಲಿ," ಎಂದ ಶರೀಫಸಾಬ. "ಬಾರವಾ ಮಗಳ, ಹೆದರಬ್ಯಾಡ. ಏನಂದಿದ್ದಿ, ನಿನ್ನ ಬಾಯಿಲೆ ಹೇಳು."

ನಾಗರತ್ನಾ ಬಾಗಿಲಿಗೆ ಬಂದಳು. ಎಲ್ಲರನ್ನೂ ಒಮ್ಮೆ ನೋಡಿದಳು. ಕಡೆಗೆ ಶಿವಾನಿಯನ್ನು ನೋಡಿದಳು.

"ಹೇಳಿದ್ದು ಆತಲ್ರಿ ಕಾಕಾ. ಒಮ್ಮೆ ಹೇಳಿದ್ದ ಸಾಕಾತು," ಎಂದು ಒಳಗೆ ಹೋದಳು. ಎಷ್ಟು ಕರೆದರೂ ಮತ್ತೆ ಬರಲಿಲ್ಲ.

"ನೀವ ನೋಡಿದ್ರೆಲ್ಲ," ಎಂದ ಸಿದ್ಧಲಿಂಗ ಮೆಲ್ಲಗೆ.

ಕೆಲಸ ಹೋಗಿದೆ, ತಲೆ ನೆಟ್ಟಗಿದೆಯೋ ಇಲ್ಲವೋ ಗೊತ್ತಿಲ್ಲ, ಹಿಂದೆ ಹಿರಿಯರು ಕೂತು ಮಾಡಿದ ಕರಾರು ಎಲ್ಲರಿಗೂ ನೆನಪಿತ್ತು. ನಾಗರತ್ನಾ ಆರಾಮಾಗುವವರೆಗೆ ಗಂಗಾ ದುಮ್ಮವಾಡದಲ್ಲಿ ಇರಲಿ ಎಂದಾಯಿತು. ಆರಾಮಾದಳು ಎಂದು ಯಾರು ಹೇಳಬೇಕು, ಯಾವಾಗ ಹೇಳಬೇಕು ಎಂಬುದನ್ನು ಯಾರೂ ಎತ್ತಲಿಲ್ಲ.

ಗಂಗಾ ಅಳಲಿಲ್ಲ. ಬಾಡಿಗೆ ಕಾರಿನಲ್ಲಿ ಹಿಂದೆ ಕೂರಿಸಿದಾಗ ಕಿಟಕಿಯಿಂದ ಅಜ್ಜನಿಗೆ ಕೈ ಮಾಡಿ, "ಅಜ್ಜಾ, ಡಬಲ್ ಬೆಲ್ ಹೊಡಿಯೋ," ಎಂದಳು. ಜಾತ್ರೆಗೋ ಬೀಗರ ಊರಿಗೋ ಹೊರಟಿದ್ದೇನೆ ಎಂದುಕೊಂಡಿತ್ತು ಕೂಸು. ಕಾರು ಹೊರಟಿತು. ಹುಲಿಗೆಪ್ಪನ ಕೈ ತಾನಾಗಿ ತಲೆಯ ಮೇಲೆ ಹೋಯಿತು. "ಹೋಲ್ಡಾನ್," ಎಂದ. ಸಂತೆ ಬಸ್ಸಿನ ಗಲಾಟೆಯಲ್ಲೂ ಡ್ರೈವರನಿಗೆ ಮುಟ್ಟುತ್ತಿದ್ದ ದನಿ ಅವನ ಗಂಟಲಲ್ಲೇ ಉಳಿಯಿತು. ಪಕ್ಕದಲ್ಲಿದ್ದ ಶರೀಫಸಾಬನಿಗೆ ಮಾತ್ರ ಕೇಳಿಸಿತು. ಅವನ ಕಾಲ ಕೆಳಗೆ ಬ್ರೇಕು ಇರಲಿಲ್ಲ.

ಜನ ಚದುರಿದ ಮೇಲೆ ಶಿವಾನಿ ಹಿತ್ತಲಿಗೆ ಬಂದಳು. ನಾಗರತ್ನಾ ಅದೇ ಕಲ್ಲಿನ ಮೇಲೆ ಕೂತಿದ್ದಳು. ಶಿವಾನಿ ಕಾಲ ಹತ್ತಿರ ಕೂತು, "ಅಕ್ಕಾ, ಬೈ. ಹೊಡಿ ಬೇಕಾದ್ರ. ಸುಮ್ಮನ ಕುಂದರಬ್ಯಾಡ," ಎಂದಳು. ಅಷ್ಟರಲ್ಲಿ ಅಕ್ಕನ ಮಡಿಲಲ್ಲಿದ್ದ ಫೋನು ತಾನೇ ಮಾತಾ‌ಡಿತು. ದಿನಾ ಸಂಜೆ ನೆನಪು ಮಾಡಲು ಆ್ಯಪು ಕೊಡುವ ಕರೆ ಅದು, ಶಿವಾನಿಯದೇ ದನಿ: "ಉಸಿರು ಒಳಗ ತಗೋರಿ. ಹಗೂರ ಬಿಡ್ರಿ. ಏನ್ ಭಾರ ಐತಿ, ನನ್ನ ಮುಂದ ಹೇಳ್ರಿ."

"ಬಂದ ಮಾಡು ಅಕ್ಕಾ ಅದನ್ನ. ಕೊಡಿಲ್ಲೆ, ತಗದಬಿಡ್ತೀನಿ."

"ನನ್ನ ಫೋನು, ನಾನ ತಗೀತೀನಿ," ಎಂದಳು ನಾಗರತ್ನಾ. ಬೆರಳಿನಿಂದ ಹುಡುಕಿ ಹುಡುಕಿ, ಆ್ಯಪು ಬಿಡುವ ಜಾಗಕ್ಕೆ ಬಂದಳು. ಅಲ್ಲಿ ಬಂದದ್ದನ್ನು ಶಾಲೆಯ ಹುಡುಗಿಯ ಹಾಗೆ ಒಂದೊಂದೇ ಅಕ್ಷರ ಬಿಡಿಸಿ ಜೋರಾಗಿ ಓದಿದಳು.

"ಖರೇನ ಬಿಟ್ಟ ಹೊಂಟ್ರೇನ್ರಿ? ನಮ್ಮಿಂದ ಏನ್ ತಪ್ಪಾತು?"

ಶಿವಾನಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಳು. ನಾಗರತ್ನಾ ಆ ಕೈಗಳನ್ನು ಬಿಡಿಸಿ, ಫೋನನ್ನು ತಂಗಿಯ ಮುಖದ ಮುಂದೆ ಹಿಡಿದಳು.

"ಟೈಮ್ ಸಿಗವಲ್ದು. ಮನಸ್ಸಿಗೆ ಬರಲಿಲ್ಲ. ಆರಾಮ ಆಗೇನಿ. ಮೂರ ಕೊಟ್ಟಿ. ಇದರಾಗ ನಂದು ಯಾವುದ ಬೇ?"

ಯಾವುದನ್ನಾದರೂ ಒತ್ತದೆ ಅದು ಬಿಡುವುದಿಲ್ಲ ಎಂದು ಶಿವಾನಿಗೆ ಗೊತ್ತಿತ್ತು, ಹಾಗೆ ಮಾಡಿದವಳೇ ಆಕೆ. ನಾಗರತ್ನಾ 'ಆರಾಮ ಆಗೇನಿ' ಎಂಬುದನ್ನು ಒತ್ತಿದಳು. ಪರದೆಯ ತುಂಬ ಹಳದಿ ಹೂವು ಉದುರಿದವು.

"ಭಾಳ ಖುಷಿ ಆತ್ರಿ," ಎಂದು ಓದಿದಳು. "ಮನ್ಯಾಗ ಎಲ್ಲಾರಿಗೂ ಹೇಳ್ರಿ."

ಫೋನನ್ನು ಕಲ್ಲಿನ ಮೇಲೆ ಬೋರಲು ಹಾಕಿ ಎದ್ದಳು. ಹಗ್ಗದ ಮೇಲೆ ಗಂಗಾಳ ಶಾಲೆಯ ಅಂಗಿ ಒಣಗಿತ್ತು. ಮರುದಿನ ಸೋಮವಾರ. ಅದನ್ನು ತೆಗೆದು, ಝಾಡಿಸಿ, ಮಡಚಿ ಒಳಗೆ ಒಯ್ದಳು.